ಅಸರ್ ಓದುವ ಹಾಳೆ: ನಾಲ್ಕು ರೂಪಾಯಿಯ ಜೆರಾಕ್ಸ್, ಐದು ನಿಮಿಷದ ಪರೀಕ್ಷೆ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ಗುಮಾಸ್ತನಾಗಿದ್ದೇನೆ. ಭತ್ತದ ಲಾರಿ ಬಂದು ನಿಂತರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಅಂಗೈಗೆ ಒಂದು ಹಿಡಿ ಸುರಿದುಕೊಂಡು, ಜೊಳ್ಳೆಷ್ಟು, ಹಸಿ ಎಷ್ಟು ಎಂದು ಹೇಳುವುದು ನನ್ನ ಕೆಲಸ. ಮುನ್ನೂರು ಚೀಲ ಬಿಚ್ಚಿ ನೋಡುವ ಪುರುಸೊತ್ತು ಯಾರಿಗಿದೆ? ಮಕ್ಕಳ ಓದಿಗೂ ಇಂಥದೊಂದು ಕೊಳವೆ ಇದೆ ಎಂದು ತಿಳಿದದ್ದು ಹೋದ ವರ್ಷ, ಮಗಳು ಓದುವ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿಗೆ, ನನ್ನನ್ನು ಸದಸ್ಯನನ್ನಾಗಿ ಮಾಡಿದ ಮೇಲೆ.

ಹಳ್ಳಿಯ ಮನೆಮನೆಗೆ ಹೋಗಿ ಮಕ್ಕಳ ಓದು, ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯ ಹೆಸರು ಪತ್ರಿಕೆ ಓದುವವರಿಗೆಲ್ಲ ಗೊತ್ತು; 2005ರಿಂದ ಅದನ್ನು ನಡೆಸುತ್ತಿರುವುದು ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ. ಗ್ರಾಮೀಣ ಭಾರತದ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ನೂರಕ್ಕೆ 42.8, 2024ರಲ್ಲಿ 48.8. ಈ ಅಂಕಿ ಬಂದ ದಿನ ಒಂದು ಸುದ್ದಿ, ಒಂದು ಸಂಪಾದಕೀಯ, ಆಮೇಲೆ ಮುಂದಿನ ವರದಿಯವರೆಗೆ ಮೌನ. ನಾನು ವರದಿಯಲ್ಲಿ ನಮ್ಮ ಊರನ್ನು ಹುಡುಕಿದೆ. ಇರಲಿಲ್ಲ, ಇರುವುದೂ ಇಲ್ಲ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ ಆರಿಸುತ್ತಾರೆ. ಆ ಆರುನೂರು ಮನೆಗಳ ಲೆಕ್ಕ ಜಿಲ್ಲೆಗೆ, ರಾಜ್ಯಕ್ಕೆ ಸಲ್ಲುತ್ತದೆ, ನಮ್ಮ ಓಣಿಗಲ್ಲ. ಭತ್ತ ಹಿಡಿದು ನೋಡುವವನಿಗೆ ಇದರಲ್ಲಿ ಮೋಸವೇನೂ ಕಾಣುವುದಿಲ್ಲ. ಆದರೆ ತಂದೆಯಾದವನ ಕೈಗೆ ಇದರಿಂದ ಏನೂ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಸಿಗುವುದು ಹಾಳೆ. ಅವರು ಮನೆಮನೆಗೆ ಒಯ್ಯುವ ಕನ್ನಡದ ಓದುವ ಹಾಳೆಯನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ದುಡ್ಡಿಲ್ಲ. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಒಂದು ಬದಿಗೆ ಓದು, ಹಿಂಬದಿಗೆ ಲೆಕ್ಕ ಹಾಕಿಸಿದೆ: ನಾಲ್ಕು ರೂಪಾಯಿ. ಲ್ಯಾಮಿನೇಷನ್‌ಗೆ ಮೂವತ್ತು. ವಿಮರ್ಶೆ ಬರೆಯುತ್ತಿರುವುದು ಈ ಮೂವತ್ನಾಲ್ಕು ರೂಪಾಯಿಯ ವಸ್ತುವಿನ ಬಗ್ಗೆ.

ಅದರಲ್ಲಿರುವುದು ನಾಲ್ಕೇ ಮೆಟ್ಟಿಲು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಸಣ್ಣ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಜಾಣತನ ಇರುವುದು ಆರಂಭಿಸುವ ಜಾಗದಲ್ಲಿ. ಅಕ್ಷರದಿಂದ ಮೇಲಕ್ಕೆ ಹತ್ತಿಸುವುದಿಲ್ಲ; ಮಗುವಿನ ಕೈಗೆ ಮೊದಲು ಪ್ಯಾರಾ ಕೊಡಬೇಕು. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ವಾಕ್ಯವನ್ನು ವಾಕ್ಯದ ಹಾಗೆ ಓದಿದರೆ ಕಥೆ; ತಡವರಿಸಿದರೆ ಪದ. ಐದು ಪದಗಳಲ್ಲಿ ಕನಿಷ್ಠ ನಾಲ್ಕನ್ನಾದರೂ ಸರಿಯಾಗಿ ಓದದಿದ್ದರೆ ಅಕ್ಷರ. ಒಂದು ಮಗುವಿಗೆ ಐದು ನಿಮಿಷ ಸಾಕು. ಇದೇ ನಮೂನೆ ಪಾಕಿಸ್ತಾನ, ಕೀನ್ಯಾ, ಉಗಾಂಡ, ತಾಂಜಾನಿಯಾಗಳಿಗೂ ಹೋಗಿದೆ. ಅಲ್ಲಿಯ ಪೋಷಕರೂ ನನ್ನಂತೆಯೇ ಬೆವರಿರಬೇಕು.

ಬೆವರಿದ್ದು ಏಕೆಂದರೆ ಮೊದಲ ಭಾನುವಾರ ನಾನು ಮಾಡಿದ್ದೆಲ್ಲ ತಪ್ಪು. ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಹನ್ನೆರಡು ಮಕ್ಕಳನ್ನು ಸಾಲಾಗಿ ಕೂರಿಸಿದೆ, ತಾಯಂದಿರು ಸುತ್ತ ನಿಂತರು. ಐದನೇ ತರಗತಿಯ ಹುಡುಗಿಯೊಬ್ಬಳು ಪ್ಯಾರಾದ ಮೊದಲ ಪದಕ್ಕೆ ಬೆರಳಿಟ್ಟು, ಒಂದೊಂದೇ ಅಕ್ಷರವನ್ನು ಬಾಯಲ್ಲೇ ಜೋಡಿಸುತ್ತ, ಒತ್ತಕ್ಷರ ಬಂದಲ್ಲಿ ನಿಂತೇಬಿಟ್ಟಳು. ಬೆರಳು ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಹಿಂದಿನಿಂದ ಅವಳ ತಾಯಿ, ‘ಐದು ವರ್ಷ ಏನು ಕಲಿತೆ’ ಎಂದು ತಲೆಗೆ ಮೊಟಕಿದಳು. ಹಾಳೆಯನ್ನು ಅಲ್ಲಿಗೇ ಮಡಚಿಡಬೇಕಿತ್ತು. ಮಡಚದೆ ಹನ್ನೆರಡು ಹೆಸರನ್ನೂ ಬರೆದುಕೊಂಡು ಎಸ್‌ಡಿಎಂಸಿ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಹೆಡ್ ಮಾಸ್ತರ್ ಒಂದೇ ಮಾತು ಕೇಳಿದರು: ‘ಸಾಹುಕಾರರ ಲಾರಿ ಬಂದಾಗ ನಿಮ್ಮ ಮನೆ ಮುಂದೆ ನಿಂತ ಚೀಲಗಳಿಗೆ ಮಾತ್ರ ಚುಚ್ಚುತ್ತೀರೇನು?’ ನನ್ನ ಓಣಿಯ ಹನ್ನೆರಡು ಮಕ್ಕಳಿಂದ ಅವರ ಶಾಲೆಗೆ ದರ ಕಟ್ಟಿದ್ದೆ. ನನ್ನ ಕಸುಬಿನಲ್ಲೇ ನನ್ನನ್ನು ಹಿಡಿದುಹಾಕಿದರು.

ಆಮೇಲೆ ಓದಿದ್ದು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಅಧ್ಯಯನ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ, ಪ್ರಥಮ್‌ನ ರುಕ್ಮಿಣಿ ಬ್ಯಾನರ್ಜಿ ಮತ್ತಿತರರು ಮಾಡಿದ್ದು. ಅಲ್ಲಿಯೂ ನಮ್ಮ ಎಸ್‌ಡಿಎಂಸಿಯಂಥ ಗ್ರಾಮ ಶಿಕ್ಷಣ ಸಮಿತಿಗಳಿದ್ದವು. ಕೆಲವು ಸದಸ್ಯರಿಗೆ ತಾವು ಸದಸ್ಯರೆಂಬುದೇ ಗೊತ್ತಿರಲಿಲ್ಲ. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಸಮಿತಿಯ ಅಧಿಕಾರಗಳನ್ನು ತಿಳಿಸಿದರು. ಇನ್ನು ಕೆಲವು ಕಡೆ ಅದರ ಜೊತೆಗೆ ಇಂಥದೇ ಹಾಳೆ ಕೊಟ್ಟು ಊರಿನವರಿಂದಲೇ ಮಕ್ಕಳ ಓದಿನ ಲೆಕ್ಕ ತೆಗೆಸಿದರು. ಶಾಲೆಯೂ ಬದಲಾಗಲಿಲ್ಲ, ಓದೂ ಸುಧಾರಿಸಲಿಲ್ಲ. ಮೂರನೆಯ ಗುಂಪಿನ ಹಳ್ಳಿಗಳಲ್ಲಿ ಊರಿನ ಯುವಕ ಯುವತಿಯರಿಗೆ ಓದು ಕಲಿಸುವ ಸರಳ ವಿಧಾನ ಹೇಳಿಕೊಟ್ಟು ಶಾಲೆಯ ಹೊರಗೆ ತರಗತಿ ನಡೆಸಿದರು. ಹಾಜರಾದ ಮಕ್ಕಳು ಮಾತ್ರ ಮುಂದೆ ಹೋದರು. ಸಭೆಯಲ್ಲಿ ಪಟ್ಟಿ ಓದಿದವನಿಗೆ ಇದನ್ನು ಓದುವಾಗ ಆದ ಮುಜುಗರ ಹೇಳತೀರದು.

ಹಾಳೆಯ ಮಿತಿಗಳನ್ನೂ ಹೇಳಿಬಿಡುತ್ತೇನೆ. ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ನಮ್ಮ ಸುತ್ತ ಇವೆ. ಅಂಥ ಕ್ಯಾಂಪಿನ ಒಬ್ಬ ಹುಡುಗ ಗಿರಣಿಗೆ ಬಂದರೆ ತೂಕದ ಚೀಟಿಯಲ್ಲಿ ನಾನು ಮಾಡಿದ ತಪ್ಪನ್ನು ನನಗೇ ತೋರಿಸುತ್ತಾನೆ. ಕನ್ನಡದ ಹಾಳೆಯಲ್ಲಿ ಅವನು ಪದದ ಮೆಟ್ಟಿಲಿನಲ್ಲೇ ಉಳಿದ. ತೆಲುಗಿನ ಹಾಳೆಯೂ ಸಿಗುತ್ತದೆ, ಆದರೆ ತೆಲುಗು ಅಕ್ಷರವನ್ನು ಅವನಿಗೆ ಯಾರೂ ಕಲಿಸಿಲ್ಲ. ಮನೆಯ ಭಾಷೆಗೆ ಲಿಪಿಯಿಲ್ಲ, ಶಾಲೆಯ ಲಿಪಿಗೆ ಮನೆಯಲ್ಲಿ ಮಾತಿಲ್ಲ. ಇದನ್ನು ಹಾಳೆ ‘ಪದ ಮಟ್ಟ’ ಎಂದಷ್ಟೇ ಬರೆದುಕೊಳ್ಳುತ್ತದೆ. ಇನ್ನು, ಸರಾಗವಾಗಿ ಓದಿದ ಮಗುವಿಗೆ ಕಥೆ ತಿಳಿಯಿತೇ ಎಂದು ನನ್ನ ಕೈಯಲ್ಲಿರುವ ಹಾಳೆ ಕೇಳುವುದಿಲ್ಲ. ನನ್ನ ಮಗಳು ಎಲ್ಲಿಯೂ ನಿಲ್ಲದೆ ಓದಿ ಮುಗಿಸಿದಳು. ಕಥೆ ಏನೆಂದು ಕೇಳಿದರೆ ಮತ್ತೆ ಮೊದಲಿನಿಂದ ಓದತೊಡಗಿದಳು.

ಲೆಕ್ಕದ ಬದಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಸಂಖ್ಯೆ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ನಮ್ಮ ಹಮಾಲರಲ್ಲಿ ಇಬ್ಬರು ಭಾಗಾಕಾರದಲ್ಲಿ ಸಿಕ್ಕಿಬಿದ್ದರು, ಆದರೆ ಕೂಲಿಯ ಲೆಕ್ಕದಲ್ಲಿ ಅವರಿಗೆ ಯಾರೂ ಒಂದು ಪೈಸೆ ಮೋಸ ಮಾಡಲಾರರು.

ಈಗ ಸಂಜೆ ಏಳಕ್ಕೆ ಗಿರಣಿಯಿಂದ ಬಂದು, ವಾರಕ್ಕೆ ನಾಲ್ಕು ದಿನ ಅದೇ ಕಟ್ಟೆಯ ಮೇಲೆ ಏಳು ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ. ತರಗತಿ ನೋಡುವುದಿಲ್ಲ, ಮೆಟ್ಟಿಲು ನೋಡುತ್ತೇನೆ: ಅಕ್ಷರದವರು ಈ ಕಡೆ, ಪದದವರು ಆ ಕಡೆ. ಪರೀಕ್ಷೆ ಮಾಡುವಾಗ ಒಂದೊಂದೇ ಮಗುವನ್ನು ಬೇವಿನ ಮರದ ಕೆಳಗೆ ಕರೆಯುತ್ತೇನೆ, ತಾಯಂದಿರಿಗೆ ಪ್ರವೇಶವಿಲ್ಲ. ಒತ್ತಕ್ಷರದಲ್ಲಿ ನಿಂತ ಹುಡುಗಿ ಎರಡು ತಿಂಗಳಲ್ಲಿ ಪ್ಯಾರಾ ದಾಟಿದಳು. ಅದು ಹಾಳೆಯ ಪ್ರತಾಪವೋ, ತಾಯಿ ಹತ್ತಿರ ಇಲ್ಲದ್ದರಿಂದಲೋ ಹೇಳಲಾರೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಕೊಳ್ಳುವವರಿಗೆ, ಅಂದರೆ ಜೆರಾಕ್ಸ್ ಮಾಡಿಸುವವರಿಗೆ ಒಂದು ಎಚ್ಚರಿಕೆ: ಒಂದೇ ಹಾಳೆ ಮಾಡಿಸಬೇಡಿ, ಬೇರೆ ಬೇರೆ ಮಾದರಿಗಳನ್ನು ಇಳಿಸಿಕೊಳ್ಳಿ. ಮೊನ್ನೆ ಪಕ್ಕದ ಮನೆಯ ಚಿಕ್ಕವಳು, ಇನ್ನೂ ಅಂಗನವಾಡಿಗೆ ಹೋಗುವವಳು, ಹಾಳೆ ಕಸಿದುಕೊಂಡು ಇಡೀ ಕಥೆಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಅವಳ ಬೆರಳು ಓಡುತ್ತಿದ್ದದ್ದು ಹಿಂಬದಿಯ ಭಾಗಾಕಾರದ ಮೇಲೆ.