ಫಾರಂ ನಂಬರ್ 1 ನೋಡದೆ ಡಿಸ್ಚಾರ್ಜ್ ಆಗಬೇಡಿ

ಮಗುವಿನ ಬರ್ತ್ ಸರ್ಟಿಫಿಕೇಟ್‌ನಲ್ಲಿ ತಪ್ಪಿದೆ ಅಂತ ಹೆಚ್ಚಿನವರಿಗೆ ಗೊತ್ತಾಗುವುದು ಎಲ್‌ಕೆಜಿಗೆ ಸೇರಿಸುವಾಗ, ಇಲ್ಲವೇ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕುವಾಗ. ಈಚೆಗೆ ಒಂದು ಕುಟುಂಬ ಪಟ್ಟ ಪಾಡು ನೋಡಿ. ಹೆರಿಗೆ ಆದದ್ದು ತವರೂರಿನ ನರ್ಸಿಂಗ್ ಹೋಮ್‌ನಲ್ಲಿ, ವಾಸ ಬೆಂಗಳೂರಿನಲ್ಲಿ. ತಾಯಿಯ ಹೆಸರು ಸವಿತಾ. ಆಧಾರ್‌ನ ಇಂಗ್ಲಿಷ್ ಹೆಸರಿನಲ್ಲಿ ‘ಟಿ’ ಆದ ಮೇಲೆ ‘ಎಚ್’ ಇದೆ, ಸರ್ಟಿಫಿಕೇಟ್‌ನಲ್ಲಿ ಇಲ್ಲ. ತಂದೆಯ ಇನಿಶಿಯಲ್ ಮಾಯ. ಕಾಯಂ ವಿಳಾಸದ ಜಾಗದಲ್ಲಿ ಅಜ್ಜಿ ಮನೆ. ನರ್ಸಿಂಗ್ ಹೋಮ್‌ನಲ್ಲಿ ಕೇಳಿದರೆ ‘ನೋಂದಣಿ ಕಚೇರಿಗೆ ಹೋಗಿ’. ಕಚೇರಿಯಲ್ಲಿ ‘ಆಸ್ಪತ್ರೆಯಿಂದ ಪತ್ರ ತನ್ನಿ’. ಬೆಂಗಳೂರಿನಲ್ಲೇ ಮುಗಿಸೋಣವೆಂದರೆ ಆಗುವುದಿಲ್ಲ. ನೋಂದಣಿ ಮಗು ಹುಟ್ಟಿದ ಊರಿನದು, ತಿದ್ದುಪಡಿಯೂ ಅಲ್ಲೇ.

ಇದಕ್ಕೆಲ್ಲ ಮೂಲ ಆಸ್ಪತ್ರೆಯ ವಾರ್ಡಿನಲ್ಲಿದೆ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಜನನದ ಮಾಹಿತಿಯನ್ನು ನೋಂದಣಿ ಕಚೇರಿಗೆ ಕೊಡುವ ಹೊಣೆ ಆಸ್ಪತ್ರೆಯದೇ. ಅದನ್ನು ಕೊಡುವುದು ಫಾರಂ ನಂಬರ್ 1ರಲ್ಲಿ. ಸಿಸೇರಿಯನ್ ಆಗಿ ಮಲಗಿರುವ ತಾಯಿಯನ್ನು ಕೇಳುವ ಬದಲು ಪಕ್ಕದಲ್ಲಿರುವ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಕೇಳಿ ಬರೆದುಕೊಳ್ಳುತ್ತಾರೆ. ಅವರು ಮನೆಯಲ್ಲಿ ಕರೆಯುವ ಹೆಸರು ಹೇಳುತ್ತಾರೆ. ಆ ಚೀಟಿ ನೋಡಿ ಟೈಪ್ ಮಾಡುವವರು ಇನ್ನೊಬ್ಬರು. ಇಂಗ್ಲಿಷ್ ಸ್ಪೆಲಿಂಗ್ ಅವರ ಕೈಗೆ ಬಂದಂತೆ. ಆಧಾರ್ ಜೆರಾಕ್ಸ್ ಫೈಲಿನಲ್ಲೇ ಇರುತ್ತದೆ, ತೆರೆದು ನೋಡುವ ವ್ಯವಧಾನ ಯಾರಿಗೂ ಇಲ್ಲ.

ಹಾಗಾಗಿ ತಂದೆ ತಾಯಿ ಇಬ್ಬರ ಹೆಸರನ್ನೂ ಆಧಾರ್‌ನಲ್ಲಿ ಇರುವಂತೆಯೇ ಕನ್ನಡದಲ್ಲಿ, ಇಂಗ್ಲಿಷ್ ದೊಡ್ಡಕ್ಷರದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಿ. ಇನಿಶಿಯಲ್ ಇದ್ದರೆ ಬಿಡಿಸಿ ಬರೆಯಬೇಕೋ ಬೇಡವೋ ಎಂಬುದನ್ನು ಈಗಲೇ ತೀರ್ಮಾನಿಸಿ, ಪಾಸ್‌ಪೋರ್ಟ್‌ನಲ್ಲಿ ಇನಿಶಿಯಲ್ ನಡೆಯುವುದಿಲ್ಲ. ಹೆರಿಗೆ ಕಾಲದ ವಿಳಾಸ ಬೇರೆ, ಕಾಯಂ ವಿಳಾಸ ಬೇರೆ. ಫಾರಂನಲ್ಲಿ ಎರಡಕ್ಕೂ ಜಾಗವಿದೆ. ತುಂಬಿದ ಫಾರಂ ತೋರಿಸಿ ಅಂತ ಕೇಳಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆ ಫೋಟೋ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಮಗುವಿನ ಹೆಸರಿನ ಕಾಲಂ ಖಾಲಿ ಬಿಡಲು ಅಡ್ಡಿಯಿಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೂ ತಡ ಶುಲ್ಕ ಕಟ್ಟಿ ಸೇರಿಸಬಹುದು. ಸಿಬ್ಬಂದಿ ಅವಸರ ಮಾಡಿದರೆಂದು ಯಾವುದೋ ಹೆಸರು ಹೇಳಿಬಿಡಬೇಡಿ. ಖಾಲಿ ಜಾಗ ತುಂಬುವುದು ಸುಲಭ. ಇರುವ ಹೆಸರು ತೆಗೆದು ಬೇರೆ ಹಾಕಿಸಲು ಹೋದರೆ ‘ಕೋರ್ಟ್ ಆರ್ಡರ್ ತನ್ನಿ’ ಎನ್ನುವವರೇ ಹೆಚ್ಚು.

ತಪ್ಪು ಆಗಿಹೋಗಿದ್ದರೆ ಅಫಿಡವಿಟ್ ಮಾಡಿಸಲು ಓಡುವ ಮೊದಲು ತಪ್ಪು ಎಲ್ಲಿ ಹೊಕ್ಕಿತು ಅಂತ ಪತ್ತೆ ಮಾಡಿ. ಫಾರಂ 1 ಸರಿಯಿದ್ದು ಸರ್ಟಿಫಿಕೇಟ್ ಮಾತ್ರ ತಪ್ಪಿದ್ದರೆ ಅದು ಬರವಣಿಗೆಯ ದೋಷ, ನೋಂದಣಾಧಿಕಾರಿಯೇ ವಿಚಾರಿಸಿ ತಿದ್ದಬಹುದು. ಫಾರಂನಲ್ಲೇ ತಪ್ಪು ಬರೆದಿದ್ದರೆ ಆಸ್ಪತ್ರೆಯ ಪತ್ರ, ಡಿಸ್ಚಾರ್ಜ್ ಸಮ್ಮರಿ, ತಂದೆ ತಾಯಿಯ ಗುರುತಿನ ದಾಖಲೆಗಳ ಜೊತೆ ವಿಷಯ ಬಲ್ಲ ಇಬ್ಬರು ನಂಬಲರ್ಹರ ಹೇಳಿಕೆಯೂ ಬೇಕಾಗುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಅಡಿ ತಿದ್ದುಪಡಿಯನ್ನು ದಾಖಲೆಯ ಅಂಚಿನಲ್ಲಿ ಬರೆಯುತ್ತಾರೆ, ಮೂಲ ಬರಹ ಹಾಗೇ ಉಳಿಯುತ್ತದೆ. ಸೈಬರ್ ಸೆಂಟರ್‌ನಲ್ಲಿ ಪಿಡಿಎಫ್ ‘ಎಡಿಟ್’ ಮಾಡಿಸಿಕೊಂಡವರು ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಇದಕ್ಕೇ: ಕಾಗದ ಬದಲಾಗಿದೆ, ದಾಖಲೆ ಬದಲಾಗಿಲ್ಲ.

ಆಮೇಲೆ ನೋಡಿದರಾಯಿತು ಎನ್ನುವ ಕಾಲವೂ ಇದಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್‌ನಲ್ಲಿ ಜನ್ಮ ದಿನಾಂಕದ ಪುರಾವೆಯಾಗಿ ಜನನ ಪ್ರಮಾಣ ಪತ್ರವೊಂದೇ ನಡೆಯುತ್ತದೆ. ನೋಂದಣಿಯಾದ 7 ದಿನದೊಳಗೆ ಅದನ್ನು ಉಚಿತವಾಗಿ ಕೊಡಬೇಕು. ಬಂದ ಕೂಡಲೇ ಅಕ್ಷರ ಅಕ್ಷರ ಓದಿ.

ತಿದ್ದುಪಡಿಯ ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸಬೇಡಿ. ಬರಹದಲ್ಲಿ ಕೊಟ್ಟು ಸೀಲು, ದಿನಾಂಕ ಹಾಕಿಸಿಕೊಳ್ಳಿ. ತಿರಸ್ಕರಿಸಿದರೆ ಕಾರಣ ಬರೆದುಕೊಡಿ ಎನ್ನಿ. ನೋಂದಣಾಧಿಕಾರಿಯ ಆದೇಶದ ವಿರುದ್ಧ 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಬಹುದು; ಅವರು 90 ದಿನದೊಳಗೆ ತೀರ್ಮಾನ ಕೊಡಬೇಕು. ಕೈಯಲ್ಲಿ ಹಿಂಬರಹ, ಅಂದರೆ ಕಚೇರಿ ಬರೆದುಕೊಟ್ಟ ಉತ್ತರ, ಇಲ್ಲದಿದ್ದರೆ ಆ 30 ದಿನ ಯಾವತ್ತಿನಿಂದ ಶುರುವಾಯಿತು ಅಂತ ತೋರಿಸಲು ನಿಮ್ಮ ಬಳಿ ಏನೂ ಇರುವುದಿಲ್ಲ.