ಶಿರಸಿಯ ಭಾನುವಾರದ ಉಪನಿಷತ್ ಕ್ಲಾಸು: ಎಂಟು ತಿಂಗಳು ಹೋದ ಮೇಲೆ

ಶಿರಸಿಯಲ್ಲಿ ನಿವೃತ್ತ ಮಾಸ್ತರೊಬ್ಬರು ತಮ್ಮ ಮನೆ ಜಗುಲಿಯಲ್ಲಿ ಪ್ರತಿ ಭಾನುವಾರ 3ರಿಂದ 5ರ ತನಕ ಉಪನಿಷತ್ತು ಓದಿಸುತ್ತಾರೆ. ಹತ್ತು-ಹನ್ನೆರಡು ಜನ ಬರುತ್ತಾರೆ. ತಿಂಗಳಿಗೆ 200 ರೂಪಾಯಿ, ಮಧ್ಯೆ ಆಸರಿಗೆ ಕಷಾಯ. ಹೇಗಿದೆ ಅಂತ ಕೇಳುವವರು ಜಾಸ್ತಿ ಆದರು, ಅದಕ್ಕೇ ಬರೆಯುತ್ತಿದ್ದೇನೆ.

ಪ್ರವಚನ ಕೇಳೋಕೆ ಹೋಗುವುದಾದರೆ ಇದು ಆ ಜಾಗ ಅಲ್ಲ. ಈಗ ಓದುತ್ತಿರುವುದು ಪ್ರಶ್ನೋಪನಿಷತ್ತು. ಆರು ಜನ ಪಿಪ್ಪಲಾದ ಋಷಿಯ ಹತ್ತಿರ ಪ್ರಶ್ನೆ ಹೊತ್ತು ಬರುತ್ತಾರೆ. ಒಂದು ವರ್ಷ ಇಲ್ಲೇ ಇರಿ, ಆಮೇಲೆ ಕೇಳಿ, ಗೊತ್ತಿದ್ದರೆ ಹೇಳುತ್ತೇವೆ ಅನ್ನುತ್ತಾನೆ ಅವನು. ನಾನು ಮೊದಲ ದಿನವೇ ಕೇಳಿಬಿಟ್ಟೆ, 'ಮಾಸ್ತರೇ, ಪ್ರಾಣ ಅಂದ್ರೆ ಏನು?'

'ಯಾವ ಸಾಲಲ್ಲಿ ತಡೀತು ತಂಗಿ? ಅದನ್ನ ಓದು ನೋಡೋಣ.'

ನನ್ನ ಹತ್ತಿರ ಸಾಲೇ ಇರಲಿಲ್ಲ. ಪುಸ್ತಕ ಬಿಚ್ಚುವ ಮೊದಲೂ ಆ ಪ್ರಶ್ನೆ ಕೇಳಬಹುದಿತ್ತು, ಅಲ್ವಾ?

ಆ ಆರರಲ್ಲಿ ಎರಡನೆಯವರ ಪ್ರಶ್ನೆಗೆ ಬಂದಾಗ ನನಗೊಂದು ಸಾಲು ಸಿಕ್ಕಿತು. ಮಾತು, ಮನಸ್ಸು, ಕಣ್ಣು, ಕಿವಿ ಎಲ್ಲ ಈ ದೇಹವನ್ನು ಹಿಡಿದಿಟ್ಟಿರುವುದು ನಾವೇ ಅನ್ನುತ್ತವೆ. ಪ್ರಾಣ ಎದ್ದು ಹೊರಟ ಹಾಗೆ ಮಾಡುತ್ತದೆ. ಕೂಡಲೇ ಎಲ್ಲವೂ ಏಳುತ್ತವೆ. ಅದು ಕೂತರೆ ಇವೂ ಕೂರುತ್ತವೆ, ಜೇನಿನ ರಾಜ ಎದ್ದರೆ ಹುಳಗಳೆಲ್ಲ ಏಳುವ ಹಾಗೆ. ನಮ್ಮ ತೋಟದಲ್ಲಿ ನಾಲ್ಕು ಜೇನುಪೆಟ್ಟಿಗೆ ಇವೆ. ಪುಸ್ತಕ ರಾಜ ಅನ್ನುವುದು ನಿಜಕ್ಕೆ ರಾಣಿಹುಳ. ಆ ರಾಣಿ ಸತ್ತರೂ ಹುಳಗಳು ತಕ್ಷಣ ಹೋಗುವುದಿಲ್ಲ. ಎಳೆಯ ಮರಿಹುಳ ಇದ್ದರೆ ಅದನ್ನೇ ಸಾಕಿ ಹೊಸ ರಾಣಿ ಮಾಡಿಕೊಳ್ಳುತ್ತವೆ. 'ಹಾಗಾದ್ರೆ ಈ ಹೋಲಿಕೆ ಎಲ್ಲಿ ತನಕ ಬರ್ತದೆ?' ಅಂತ ಕೇಳಿದೆ.

ಮಾಸ್ತರು ಕನ್ನಡಕ ತೆಗೆದು ಪುಸ್ತಕದ ಮೇಲಿಟ್ಟರು. 'ಹೋಲಿಕೆ ಏನನ್ನ ತೋರಿಸೋಕೆ ಬಂದಿದೆ, ಅಷ್ಟನ್ನ ಮೊದ್ಲು ಹೇಳು.' ಏಳುವುದು, ಕೂರುವುದು, ಅಷ್ಟೇ. ಪಕ್ಕದಲ್ಲಿದ್ದ ಕಾಲೇಜು ಹುಡುಗ 'ಇವ' ಅನ್ನುವ ಸಂಸ್ಕೃತ ಪದಕ್ಕೆ ಬೆರಳಿಟ್ಟ, ಅಂದರೆ 'ಹಾಗೆ'. ಪ್ರಾಣ ನಿಜಕ್ಕೂ ಹೊರಡಲಿಲ್ಲ, ಹೊರಟ ಹಾಗೆ ಮಾಡಿತು. ಆಗ ನನ್ನ ಪ್ರಶ್ನೆಯೇ ಬದಲಾಯಿತು. ಕಣ್ಣು, ಕಿವಿಗೆ ಪ್ರಾಣ ಬೇಕು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಪ್ರಾಣಕ್ಕೆ ಅವು ಬೇಡ ಅನ್ನುವುದೂ ಗೊತ್ತಾಗುತ್ತದಾ? ಅವತ್ತಿನ ಕ್ಲಾಸು ಪೂರ್ತಿ ಅದರಲ್ಲೇ ಕಳೆಯಿತು. ಮನೆಗೆ ಬಂದು ರಾತ್ರಿ ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ. ಇಷ್ಟು ವರ್ಷ ನಾನು ಪುಸ್ತಕಗಳನ್ನು ಸುಮ್ನೆ ಒಪ್ಪಿಕೊಂಡು ಓದುತ್ತಿದ್ದೆ. ಈ ಕ್ಲಾಸು ನನಗೆ ಕೊಟ್ಟಿರುವುದು ದೊಡ್ಡದು.

ಒಂದು ಬೇಸರ ಇದೆ. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲಿ ಎರಡು ವಾರ ಕ್ಲಾಸು ಇರಲಿಲ್ಲ. ಮೊದಲೇ ತಿಳಿಸಲಿಲ್ಲ. ನಾನು ಬಸ್ಸು ಹತ್ತಿ ಬಂದು ಹಾಗೇ ವಾಪಸ್ ಹೋದೆ. ಒಂದು ಫೋನ್ ಮಾಡಬೇಕಿತ್ತು.

ಪುಸ್ತಕ ನೀವೇ ತರಬೇಕು. ಪದ ಪದಕ್ಕೂ ಅರ್ಥ ಕೊಟ್ಟಿರುವುದನ್ನೇ ತನ್ನಿ, ಬರೀ ಭಾವಾರ್ಥದ್ದಾದರೆ 'ಇವ'ದಂಥ ಪದ ಕಣ್ಣಿಗೇ ಬೀಳುವುದಿಲ್ಲ. ಮಳೆಗಾಲದಲ್ಲಿ ಹಂಚಿನ ಮೇಲೆ ಮಳೆ ಬಿದ್ದರೆ ಹಿಂದೆ ಕೂತವರಿಗೆ ಏನೂ ಕೇಳಿಸುವುದಿಲ್ಲ, ಬೇಗ ಬಂದು ಮುಂದೆ ಕೂರಿ.