ಹಳೆಯ ಬುಲೆಟ್ಟಿಗೆ ಅಗ್ಗದ ಮೀಟರು: ಡಿಟಿ-830ಡಿ ಜೊತೆ ಎರಡು ಮಳೆಗಾಲ

ಡಿಟಿ-830ಡಿ ಎಂಬ ಅಂಗೈಯಗಲದ ಡಿಜಿಟಲ್ ಮಲ್ಟಿಮೀಟರನ್ನು (ವೋಲ್ಟೇಜ್, ಕರೆಂಟ್, ರೋಧ ಅಳೆಯುವ ಸಾಧನ) ನಾನು ಶಿವಮೊಗ್ಗದ ದುರ್ಗಿಗುಡಿಯ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಮುನ್ನೂರು ರೂಪಾಯಿಗೂ ಕಡಿಮೆ ಬೆಲೆಗೆ ಕೊಂಡು ಎರಡು ಮಳೆಗಾಲಗಳು ಕಳೆದಿವೆ. ಇದೇ ಸಂಖ್ಯೆಯ ಮೀಟರನ್ನು ಹಲವರು ತಯಾರಿಸುವುದರಿಂದ ನಾನು ಹೇಳುವ ಕೆಲವು ಕುಂದುಗಳು ನನ್ನ ಕೈಯಲ್ಲಿರುವ ಒಂದಕ್ಕೆ ಮಾತ್ರ ಸೇರಿರಬಹುದು. ಇದನ್ನು ಬಳಸಿದ್ದು ಒಂದೇ ವಾಹನದ ಮೇಲೆ: ತೀರ್ಥಹಳ್ಳಿ ಸಮೀಪದ ನಮ್ಮ ಮನೆಯಲ್ಲಿರುವ, ತೊಂಬತ್ತರ ದಶಕದ, ಪಾಯಿಂಟ್ ಇಗ್ನಿಷನ್ನಿನ (ಎಂಜಿನ್ ತಿರುಗಿದಂತೆ ಕೂಡಿ ತೆರೆಯುವ ಸ್ವಿಚ್ಚಿನಂಥ ಪಾಯಿಂಟಿನಿಂದ ಕಿಡಿ ಹುಟ್ಟಿಸುವ) 12 ವೋಲ್ಟಿನ ಬುಲೆಟ್ 350.

ಪ್ರತಿ ವರ್ಷ ಆರಿದ್ರಾ ಮಳೆ ಹಿಡಿಯಿತೆಂದರೆ ಈ ಗಾಡಿ ಕಿಕ್ಕಿಗೆ ಓಗೊಡುವುದನ್ನು ನಿಲ್ಲಿಸುತ್ತಿತ್ತು. ಮನೆಯಂಗಳದಲ್ಲಿ ಹೇಗೋ ಹೊತ್ತಿಕೊಂಡರೂ ದಾರಿಯಲ್ಲಿ ಹೆಡ್‌ಲೈಟ್ ಹಾಕಿದೊಡನೆ ಎಂಜಿನ್ ಮಿಸ್ ಹೊಡೆಯುತ್ತಿತ್ತು. ಒಮ್ಮೆ ಶಿವಮೊಗ್ಗದಿಂದ ಮರಳುವಾಗ ಮಂಡಗದ್ದೆಯ ಬಳಿ, ತುಂಗೆಯ ಪಕ್ಕದ ತಿರುವಿನಲ್ಲಿ ಪೂರ್ತಿ ಆರಿಹೋಗಿ, ಗಾಡಿಯನ್ನು ಸರಕು ಸಾಗಿಸುವ ಆಟೊದಲ್ಲಿ ಮನೆಗೆ ತರಬೇಕಾಯಿತು. ಅಷ್ಟರೊಳಗೆ ಬ್ಯಾಟರಿ, ಪ್ಲಗ್ಗಿನ ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಹುಟ್ಟಿಸುವ ಕಾಯಿಲ್, ಪಾಯಿಂಟಿಗೆ ಜೋಡಿಸಿದ ಕಂಡೆನ್ಸರ್ ಮೂರನ್ನೂ ಬದಲಾಯಿಸಿ ಆಗಿತ್ತು. ಬದಲಾಯಿಸಿದವರು ಅನುಭವಿಗಳೇ, ಆದರೆ ಯಾರೂ ಏನನ್ನೂ ಅಳೆದಿರಲಿಲ್ಲ. ಬ್ಯಾಟರಿಯ ವೈರನ್ನು ಗಾಡಿಯ ಮೈಗೆ ತಾಗಿಸಿ ಕಿಡಿ ನೋಡುವುದೇ ಪರೀಕ್ಷೆಯಾಗಿತ್ತು.

ಮೀಟರ್ ಬಂದ ಮೇಲೂ ಮೊದಲ ವಾರ ನಾನು ಮಾಡಿದ್ದು ತಪ್ಪು ಅಳತೆಯನ್ನೇ. ಡಯಲನ್ನು 20 ವೋಲ್ಟಿನ ಮನೆಗೆ ತಿರುಗಿಸಿ ನೋಡಿದರೆ ಬ್ಯಾಟರಿಯಲ್ಲಿ 12.6, ಚಾವಿ ಹಾಕಿದಾಗ ಕಾಯಿಲ್‌ನ ಬ್ಯಾಟರಿ ಬದಿಯ ತುದಿಯಲ್ಲಿ 12.5. ವೈರಿಂಗ್ ನಿರ್ದೋಷಿ ಎಂದುಕೊಂಡೆ. ನಾನು ಗಮನಿಸದೆ ಹೋದದ್ದು ಏನೆಂದರೆ, ಆ ಹೊತ್ತಿಗೆ ಪಾಯಿಂಟ್ ತೆರೆದುಕೊಂಡಿತ್ತು. ಪಾಯಿಂಟ್ ತೆರೆದಿದ್ದಾಗ ಕಾಯಿಲ್‌ನಲ್ಲಿ ಕರೆಂಟೇ ಹರಿಯುವುದಿಲ್ಲ. ಕರೆಂಟ್ ಹರಿಯದಿದ್ದರೆ ಕಿಲುಬು ಹಿಡಿದು ಒಂದೇ ಎಳೆ ಉಳಿದಿರುವ ವೈರ್ ಕೂಡ ಇಡೀ ವೋಲ್ಟೇಜನ್ನು ಮೀಟರಿಗೆ ತೋರಿಸುತ್ತದೆ. ಬುಲೆಟ್ಟಿನಲ್ಲಿ ಕರೆಂಟ್ ಹರಿಯುತ್ತಿದೆಯೇ ಎಂದು ತಿಳಿಯಲು ಆಮೀಟರ್ ಇದೆ. ಕಿಕ್ಕರನ್ನು ಮೆಲ್ಲನೆ ಒತ್ತುತ್ತ ಹೋದರೆ ಪಾಯಿಂಟ್ ಕೂಡಿದಾಗ ಮುಳ್ಳು ಡಿಸ್‌ಚಾರ್ಜ್ ಬದಿಗೆ ವಾಲಿ, ತೆರೆದಾಗ ನಡುವಿಗೆ ಮರಳುತ್ತದೆ. ಮುಳ್ಳು ವಾಲಿದ ಸ್ಥಿತಿಯಲ್ಲಿ ನಿಲ್ಲಿಸಿ ಅದೇ ಜಾಗವನ್ನು ಮತ್ತೆ ಅಳೆದಾಗ ಬಂದದ್ದು 9.8 ವೋಲ್ಟ್. ಮೂರು ವರ್ಷ ಕಾಡಿದ ಗಾಡಿಯ ರೋಗ ಆ ಒಂದು ಅಂಕಿಯಲ್ಲಿ ಕಣ್ಣಿಗೆ ಬಿತ್ತು. (ಈ ಸ್ಥಿತಿಯಲ್ಲಿ ಚಾವಿಯನ್ನು ಅರ್ಧ ನಿಮಿಷಕ್ಕಿಂತ ಹೆಚ್ಚು ಬಿಡಬಾರದು, ಕಾಯಿಲ್ ಕಾಯುತ್ತದೆ.)

ಆಮೇಲಿನದು ವೋಲ್ಟೇಜ್ ಎಲ್ಲಿ ಸೋರುತ್ತಿದೆಯೆಂದು ಹುಡುಕುವ ಕೆಲಸ, ಮತ್ತು ಈ ಮೀಟರ್ ತನ್ನ ಬೆಲೆಯನ್ನು ಹತ್ತು ಪಟ್ಟು ತೀರಿಸಿದ್ದು ಅಲ್ಲಿಯೇ. ಕರೆಂಟ್ ಹರಿಯುತ್ತಿರುವಾಗ ಒಂದು ಜೋಡಣೆಯ ಈಚೆಗೊಂದು, ಆಚೆಗೊಂದು ಮೀಟರಿನ ವೈರಿನ ತುದಿಯ ಕಡ್ಡಿ ಇಟ್ಟರೆ ಆ ಜೋಡಣೆ ತಿನ್ನುತ್ತಿರುವ ವೋಲ್ಟೇಜ್ ನೇರವಾಗಿ ಕಾಣುತ್ತದೆ. ಒಳ್ಳೆಯ ಜೋಡಣೆಯಲ್ಲಿ ಅದು 0.1 ವೋಲ್ಟನ್ನು ದಾಟುವುದು ಅಪರೂಪ. ನನ್ನ ಗಾಡಿಯ ಫ್ಯೂಸ್ ಹೋಲ್ಡರಿನಲ್ಲಿ 0.4, ಇಗ್ನಿಷನ್ ಸ್ವಿಚ್ಚಿನಲ್ಲಿ 1.9 ಬಂತು, ಬ್ಯಾಟರಿಯ ಮೈನಸ್ ತುದಿಗೂ ಎಂಜಿನ್ನಿನ ಮೈಗೂ ನಡುವೆ 0.6 ಇದ್ದದ್ದರಿಂದ ಅರ್ಥ್ (ಕರೆಂಟ್ ಬ್ಯಾಟರಿಗೆ ಮರಳುವ ಹಾದಿ) ಕೂಡ ಸರಿಯಿಲ್ಲವೆಂದು ತಿಳಿಯಿತು. ಇದೇ ಸ್ವಿಚ್ಚನ್ನು, ಎರಡು ಕಡ್ಡಿಗಳ ನಡುವೆ ಕರೆಂಟಿಗೆ ಹಾದಿ ಇದ್ದರೆ ಸದ್ದು ಮಾಡುವ ಮೀಟರಿನ ಬಜರ್ ಹಿಂದಿನ ದಿನವಷ್ಟೇ ಕೀಂಯೆಂದು ಕೂಗಿ ಪಾಸು ಮಾಡಿತ್ತು. ಬಜರ್ ಹತ್ತಾರು ಓಮ್ (ರೋಧದ ಅಳತೆ) ಇದ್ದರೂ ಕೂಗುತ್ತದೆ. ಪಾಯಿಂಟ್ ಇಗ್ನಿಷನ್ನಿನಲ್ಲಿ ಅರ್ಧ ಓಮ್ ಹೆಚ್ಚಾದರೂ ಕಿಡಿ ಬಡವಾಗುತ್ತದೆ. ಹೀಗಾಗಿ ತುಂಡಾದ ವೈರನ್ನು ಪತ್ತೆಹಚ್ಚಲು ಹೊರತು ಬಜರನ್ನು ನಂಬುವುದನ್ನು ನಾನು ಬಿಟ್ಟಿದ್ದೇನೆ. ಸ್ವಿಚ್ಚಿನ ಒಳಗಿನ ಹಸಿರು ಕಿಲುಬನ್ನು ಕೆರೆದು, ಹೋಲ್ಡರ್ ಬದಲಿಸಿ, ಅರ್ಥ್ ವೈರಿನ ತುದಿಯನ್ನು ಪೇಂಟ್ ತೆಗೆದ ಲೋಹಕ್ಕೆ ಬಿಗಿದ ಮೇಲೆ ಕಾಯಿಲ್‌ನಲ್ಲಿ, ಪಾಯಿಂಟ್ ಕೂಡಿದ್ದಾಗಲೇ, 12 ವೋಲ್ಟ್ ಬಂತು. ಎರಡನೆಯ ಕಿಕ್ಕಿಗೆ ಎಂಜಿನ್ ಹೊತ್ತಿತು.

ಇನ್ನು ಮೀಟರಿನ ಕುಂದುಗಳು. ಜೊತೆಗೆ ಬರುವ ವೈರುಗಳು ತೆಳ್ಳಗೆ, ಬಿರುಸಾಗಿವೆ. ನನ್ನವುಗಳಲ್ಲಿ ಒಂದು ನಾಲ್ಕೇ ತಿಂಗಳಿಗೆ ಬುಡದಲ್ಲಿ ಕಿತ್ತುಬಂದಿತು. ಎರಡೂ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗಲೇ 0.5 ಓಮ್ ತೋರಿಸುವುದರಿಂದ, ಮೂರು-ನಾಲ್ಕು ಓಮ್ ಇರುವ ಕಾಯಿಲ್‌ನ ಪ್ರೈಮರಿಯನ್ನು (ಬ್ಯಾಟರಿಯ ಕರೆಂಟ್ ಹರಿಯುವ ಸುತ್ತನ್ನು) ಅಳೆಯುವಾಗ ಅಷ್ಟನ್ನು ಕಳೆಯಲೇಬೇಕು. ಕಡ್ಡಿಗಳ ಬದಲಿಗೆ ಮೊಸಳೆ ಕ್ಲಿಪ್ಪುಗಳನ್ನು ಬೆಸುಗೆ ಹಾಕಿಸಿಕೊಂಡದ್ದು ದೊಡ್ಡ ಅನುಕೂಲವಾಯಿತು, ಏಕೆಂದರೆ ಒಂದು ಕೈ ಕಿಕ್ಕರಿನ ಮೇಲಿರುವಾಗ ಎರಡು ಕಡ್ಡಿ ಹಿಡಿಯಲು ಆಗುವುದಿಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಚುಚ್ಚಿ ಅಳೆಯುವ ರೂಢಿಯನ್ನು ನಮ್ಮ ಕಡೆ ಖಂಡಿತ ಬಿಡಬೇಕು. ಆ ತೂತಿನಿಂದಲೇ ಮುಂದಿನ ಮಳೆಗಾಲದ ಕಿಲುಬು ಶುರುವಾಗುತ್ತದೆ.

ಎಂಜಿನ್ ಓಡುತ್ತಿರುವಾಗ ಚಾರ್ಜಿಂಗ್ ನೋಡಲು ಹೋದರೆ ಅಂಕಿಗಳು 3, 17, 11 ಎಂದು ಹುಚ್ಚುಹುಚ್ಚಾಗಿ ಕುಣಿದವು. ಇದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದೋಷವಲ್ಲ, ಪ್ಲಗ್ಗಿನ ಕಿಡಿಯ ರೇಡಿಯೊ ಗದ್ದಲವನ್ನು ತಡೆದುಕೊಳ್ಳುವ ಶಕ್ತಿ ಈ ಮೀಟರಿಗಿಲ್ಲ. 5 ಕಿಲೊ ಓಮಿನ ರೆಸಿಸ್ಟರ್ ಇರುವ ಪ್ಲಗ್ ಕ್ಯಾಪ್ ಹಾಕಿದ ಮೇಲೆ 14.1ಕ್ಕೆ ಬಂದು ನಿಂತಿತು. ಅದಕ್ಕಿಂತ ಹೆಚ್ಚು ದಾರಿ ತಪ್ಪಿಸಿದ್ದು ಒಳಗಿನ 9 ವೋಲ್ಟಿನ ಬ್ಯಾಟರಿ. ಅದು ಸೊರಗಿದಾಗ ಮೀಟರ್ ಕಡಿಮೆಯನ್ನಲ್ಲ, ಹೆಚ್ಚನ್ನು ತೋರಿಸುತ್ತದೆ. ನಿಂತ ಗಾಡಿಯ ಬ್ಯಾಟರಿಯಲ್ಲಿ 14 ವೋಲ್ಟ್ ಕಂಡಾಗ ನಾನು ಗಾಬರಿಯಿಂದ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಬಿಚ್ಚಲು ಹೊರಟಿದ್ದೆ.

ಇದರಿಂದ ಆಗದ ಕೆಲಸಗಳೂ ಇವೆ. ಕಂಡೆನ್ಸರನ್ನು ಇದು ಅಳೆಯಲಾರದು. ಬಿಸಿಯಾದಾಗ ಮಾತ್ರ ಒಳಗೊಳಗೇ ಸೋರುವ ಕಾಯಿಲ್ ಇದರ ಓಮ್ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಕಾಯಿಲ್‌ನಿಂದ ಪ್ಲಗ್ಗಿಗೆ ಹೋಗುವ ಎಚ್‌ಟಿ ವೈರಿನ ಸೋರಿಕೆಗೆ ಕತ್ತಲಾದ ಮೇಲೆ ಎಂಜಿನ್ ಓಡಿಸಿ, ಅದರ ಉದ್ದಕ್ಕೂ ನೀಲಿ ಕಿಡಿ ಹಾರುತ್ತದೆಯೇ ಎಂದು ಕಣ್ಣಿನಿಂದಲೇ ನೋಡಬೇಕು. ಎಂಜಿನ್ ಓಡುತ್ತಿರುವಾಗ ಕಾಯಿಲ್‌ನ ಪಾಯಿಂಟ್ ಬದಿಯ ತುದಿಗೆ ಮೀಟರ್ ತಾಗಿಸಬಾರದು. ಪಾಯಿಂಟ್ ತೆರೆಯುವ ಪ್ರತಿ ಕ್ಷಣ ಅಲ್ಲಿ ನೂರಾರು ವೋಲ್ಟ್ ಪುಟಿಯುತ್ತದೆ. ಕರೆಂಟ್ ಅಳೆಯಲು ಕೆಂಪು ವೈರು ಸಿಕ್ಕಿಸುವ, ಮೀಟರಿನ 10 ಆಂಪಿಯರಿನ ತೂತಿಗೆ ಒಳಗೆ ಫ್ಯೂಸ್ ಇಲ್ಲ. ಕೆಂಪು ವೈರನ್ನು ಅಲ್ಲಿಯೇ ಮರೆತು ಬ್ಯಾಟರಿಯ ಎರಡು ತುದಿಗೆ ಕಡ್ಡಿ ಇಟ್ಟರೆ ಅದು ನೇರ ಶಾರ್ಟ್ ಸರ್ಕ್ಯೂಟ್, ಆದ್ದರಿಂದ ನಾನು ಆ ತೂತಿಗೆ ಟೇಪ್ ಅಂಟಿಸಿದ್ದೇನೆ.

ಎರಡನೆಯ ಮಳೆಗಾಲದಲ್ಲಿ ಮೀಟರಿನ ಡಯಲಿನೊಳಕ್ಕೇ ತೇವ ಹಿಡಿದು ಅಂಕಿಗಳು ಅಲುಗಾಡತೊಡಗಿದವು. ಡಯಲನ್ನು ಹತ್ತಿಪ್ಪತ್ತು ಸಲ ಆಚೀಚೆ ತಿರುಗಿಸಿದಾಗ ಸರಿಹೋಯಿತು. ಈಗ ಆಶ್ಲೇಷ ಮಳೆ ಕಳೆಯುವವರೆಗೂ ಅದನ್ನು ಒಳಗಿನ ಬ್ಯಾಟರಿ ತೆಗೆದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ.